ಹೇಳುವವರು ಒಬ್ಬರು, ಕೈ ಇನ್ನೊಬ್ಬರದು

ಉರ್ವ
14 ಜೂನ್ 2025

ನತಾಶಾ ಬಾಯೆ,

ಫೋನಿನಲ್ಲಿ ನಿನ್ನೊಡನೆ ಮಾತಾಡುವುದಿಲ್ಲ ಎಂದು ನಾನು ಹೇಳಿದ್ದು ನಿಜ. ಬರೆಯುವುದಿಲ್ಲ ಎಂದು ಹೇಳಿರಲಿಲ್ಲ. ಕೊಂಕಣಿಯಲ್ಲಿ ಶುರು ಮಾಡಿದರೆ ಮೊದಲ ಸಾಲಿಗೇ ಬೈಗುಳ ಬರುತ್ತದೆ. ಕನ್ನಡ ನಾನು ಊರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತದ್ದು. ಟೀಚರು ನಮಗೆ ಪತ್ರ ಬರೆಯಲು ಕಲಿಸಿದ್ದರು, ಬೈಯಲು ಕಲಿಸಿರಲಿಲ್ಲ. ಆದ್ದರಿಂದ ಕನ್ನಡದಲ್ಲಿ ಸ್ವಲ್ಪ ಮರ್ಯಾದೆಯಿಂದ ಇರುತ್ತೇನೆ ಎಂದುಕೊಂಡಿದ್ದೇನೆ. ನೋಡುವ.

ನಿನ್ನ ಅಪ್ಪನ ಕೈಯಲ್ಲಿ ಕ್ಯಾರಿಯರು ಕಳಿಸಿದ್ದೇನೆ. ಬೋಟುಗಳು ಕಡಲಿಗೆ ಇಳಿಯದ ತಿಂಗಳು, ಹಸಿ ಮೀನಿನ ಬೆಲೆ ಮುಟ್ಟುವ ಹಾಗಿಲ್ಲ. ಒಣ ಸಿಗಡಿಯ ಚಟ್ನಿ ಮಾಡಿದ್ದೇನೆ. ಅದು ನಿನಗೆ. ವಾಲ್ಟರ್ ತಿಂದರೆ ತಿನ್ನಲಿ, ಅಳಿಯ ಅಳಿಯನೇ. ಮೂರನೆಯವರ ಪಾಲು ಅದರಲ್ಲಿ ಇಲ್ಲ.

ಮೊದಲ ಮಳೆಗೇ ಅಜ್ಜನ ಇನ್ವರ್ಟರು ಹೋಯಿತು. ರೇಡಿಯೊ ಅಂಗಡಿ ಮುಚ್ಚಿದ ವರ್ಷ ಅವರು ತಮ್ಮ ಕೈಯಿಂದಲೇ ಕಟ್ಟಿದ ಪೆಟ್ಟಿಗೆ. ಲಿಗೋರಿ ಹೋಗಿ ಏಳು ವರ್ಷವಾದರೂ ಅವರ ಪೆಟ್ಟಿಗೆ ನನಗೆ ದೀಪ ಕೊಡುತ್ತಿತ್ತು. ಮಾರ್ಕೆಟಿನ ಹತ್ತಿರದ ಮ್ಯಾಕ್ಸಿಮ್‌ನನ್ನು ಕರೆದೆ. ಅವನು ನಾಲ್ಕು ಹೊಸ ಟ್ರಾನ್ಸಿಸ್ಟರು ಹಾಕಿ, "ಇನ್ನು ಹತ್ತು ವರ್ಷ ನೋಡುವುದು ಬೇಡ ಬಾಯಮ್ಮ" ಎಂದ. ಮರುದಿನ ಕರೆಂಟು ಹೋದದ್ದೇ ತಡ, ಪೆಟ್ಟಿಗೆಯೊಳಗೆ ಪಟಾಕಿ ಬಿಟ್ಟ ಹಾಗೆ ಶಬ್ದ, ಆಮೇಲೆ ಸುಟ್ಟ ವಾಸನೆ. ಬ್ರೂನೊ ಮಂಚದ ಅಡಿಗೆ ಹೋದವನು ಕೋಳಿಯ ಎಲುಬು ತೋರಿಸಿದರೂ ಹೊರಗೆ ಬರಲಿಲ್ಲ. ನೀನು ಇದ್ದಿದ್ದರೆ ಮ್ಯಾಕ್ಸಿಮ್‌ನ ಮುಖ ನಾನು ಯಾಕೆ ನೋಡಬೇಕಿತ್ತು? ನೀನು ವಾಮಂಜೂರಿನಲ್ಲಿ ಬೇರೆಯವರ ಇನ್ವರ್ಟರು ರಿಪೇರಿ ಮಾಡುತ್ತಿದ್ದೀ. ಸೋಲ್ಡರ್ ಹಾಕಲು ನಿನಗೆ ಕಲಿಸಿದ್ದು ಯಾರು, ಆ ಶರ್ಲಿಯೋ? ಅಜ್ಜನ ಮಡಿಲಲ್ಲಿ ಕೂತು ಕಲಿತ ಕೈ ಅದು.

ಚರ್ಚಿನಲ್ಲಿ ಒಂದು ಸುದ್ದಿ ಕೇಳಿದೆ. ನೀನು ಅವಳನ್ನು ಮಮ್ಮಿ ಎಂದು ಕರೆಯುತ್ತೀಯಂತೆ. ನಿನ್ನನ್ನು ಹೆತ್ತ ನನ್ನ ಜಸಿಂತಾ ತೀರಿಹೋದಾಗ ನೀನು ನಡೆಯಲು ಕಲಿತಿರಲಿಲ್ಲ, ಆ ಶಬ್ದ ಹೇಳಲು ನಿನಗೆ ಅವಕಾಶವೇ ಆಗಲಿಲ್ಲ. ಈಗ ನಿನ್ನ ಅಪ್ಪ ಮದುವೆಯಾದ ಕೂಡಲೇ ಅದು ಬಾಯಿಗೆ ಬಂತಾ?

ಹೊಟ್ಟೆಕಿಚ್ಚು ಎಂದು ನೀನು ನಗುತ್ತೀ, ಗೊತ್ತುಂಟು. ಇದು ಹೊಟ್ಟೆಕಿಚ್ಚಲ್ಲ, ಗ್ಯಾಸ್ಟ್ರಿಕ್. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ.

ಸಿಟ್ಟಿನಲ್ಲಿದ್ದರೂ ಬೆಸಾಂವ್ ಕೊಡುತ್ತೇನೆ. ಅಜ್ಜಿಯಾದವಳು ಆಶೀರ್ವಾದ ತಡೆಹಿಡಿಯಬಾರದು.

ನಿನ್ನ ವ್ಹಡ್ಲಿಮಾಂಯ್,
ಎಸ್ತೆರ್

*

ವಾಮಂಜೂರು
20 ಜೂನ್ 2025

ಪ್ರೀತಿಯ ವ್ಹಡ್ಲಿಮಾಂಯ್,

ಚಟ್ನಿ ಒಂದೇ ದಿನದಲ್ಲಿ ಖಾಲಿ. ಮೂರನೆಯವರೂ ತಿಂದರು, ನೀನು ಬೇಕಾದರೆ ಪೊಲೀಸಿಗೆ ಹೇಳು.

ನಾನು ಅವರನ್ನು ಶರ್ಲಿ ಆಂಟಿ ಎಂದೇ ಕರೆಯುವುದು. ಚರ್ಚಿನಲ್ಲಿ ನಿನಗೆ ಹೇಳಿದವರು ಯಾರು ಎಂದು ನನಗೆ ಗೊತ್ತು, ಅವರಿಗೆ ಕಿವಿ ಸರಿ ಕೇಳುವುದಿಲ್ಲ.

ಇನ್ವರ್ಟರನ್ನು ಇಲ್ಲಿಗೆ ಕಳಿಸು. ಮ್ಯಾಕ್ಸಿಮ್ ಅಂಕಲ್ ಹಾಕಿದ್ದು ಡೂಪ್ಲಿಕೇಟ್ ಟ್ರಾನ್ಸಿಸ್ಟರು ಇರಬೇಕು. ಮೇಲೆ ಬರೆದ ನಂಬರು ಸರಿ ಇರುತ್ತದೆ, ಒಳಗೆ ಏನೂ ಇರುವುದಿಲ್ಲ. ಮೀಟರಿನಲ್ಲಿ ಮುಟ್ಟಿ ನೋಡಿದರೆ ಅದೂ ಒಳ್ಳೆಯದೇ ಎಂದು ತೋರಿಸುತ್ತದೆ. ಭಾರ ಹಾಕಿದಾಗ ಮಾತ್ರ ಬಣ್ಣ ಬಯಲು. ಅದಕ್ಕೇ ಇಲ್ಲಿ ಆಂಟಿಯ ವರ್ಕ್‌ಶಾಪಿನಲ್ಲಿ ಪ್ರತಿಯೊಂದನ್ನೂ ಪೆಟ್ಟಿಗೆಗೆ ಹಾಕುವ ಮೊದಲು ಎಲೆಕ್ಟ್ರಾನಿಕ್ ಲೋಡ್ ಎಂಬ ಮೆಷಿನಿಗೆ ಕಟ್ಟಿ ಪರೀಕ್ಷೆ ಮಾಡುತ್ತೇವೆ. ನೀನು ಹೆದರಬೇಡ, ಅದು ಅಜ್ಜನ ಬಲ್ಬಿನ ತಮ್ಮ. ಅಜ್ಜ ರೇಡಿಯೊ ರಿಪೇರಿ ಮಾಡಿ ಮೊದಲು ನೂರು ವಾಟಿನ ಬಲ್ಬಿನ ಮೂಲಕ ಕರೆಂಟು ಕೊಡುತ್ತಿದ್ದರಲ್ಲ, ಒಳಗೆ ತಪ್ಪಿದ್ದರೆ ಬಲ್ಬು ಉರಿಯಲಿ, ರೇಡಿಯೊ ಉಳಿಯಲಿ ಎಂದು? ಬಲ್ಬಿಗೆ ಇಷ್ಟೇ ಎಳಿ ಎಂದು ಹೇಳಲು ಆಗುವುದಿಲ್ಲ. ಈ ಮೆಷಿನಿಗೆ ಹೇಳಬಹುದು. ಒಂದು ಆಂಪಿಯರ್ ಎಂದು ಒತ್ತಿದರೆ ಒಂದೇ ಎಳೆಯುತ್ತದೆ, ಹತ್ತು ಎಂದರೆ ಹತ್ತು. ಸ್ವಲ್ಪ ಸ್ವಲ್ಪವಾಗಿ ಏರಿಸುತ್ತೇವೆ, ಟ್ರಾನ್ಸಿಸ್ಟರು ಎಷ್ಟು ಬಿಸಿಯಾಗುತ್ತದೆ ಎಂದು ನೋಡುತ್ತೇವೆ.

ಟ್ರಾನ್ಸಿಸ್ಟರು ಅಂದರೆ ಹಬ್ಬದ ದಿನದ ಚರ್ಚಿನ ಬಾಗಿಲು ಎಂದು ಎಣಿಸು. ಪೂರ್ತಿ ತೆರೆದಿದ್ದರೆ ಜನ ಸಲೀಸಾಗಿ ಹೋಗುತ್ತಾರೆ. ಪೂರ್ತಿ ಮುಚ್ಚಿದ್ದರೆ ಯಾರೂ ಹೋಗುವುದಿಲ್ಲ, ಜಗಳ ಇಲ್ಲ. ಅರ್ಧ ತೆರೆದಿಟ್ಟರೆ ಮಾತ್ರ ನೂಕುನುಗ್ಗಲು, ಬಿಸಿ, ಬೆಂಕಿ.

ನಾನು ಮನೆಗೆ ಯಾವಾಗ ಬರುವುದು ಎಂದು ಪಪ್ಪನ ಹತ್ತಿರ ಪ್ರತಿ ಶನಿವಾರ ಕೇಳುತ್ತೀಯಂತೆ. ಹೇಳಿಬಿಡುತ್ತೇನೆ. ಕಳೆದ ತೆನೆಹಬ್ಬಕ್ಕೆ ನೀನು ಒಬ್ಬೊಬ್ಬರ ಹೆಸರು ಹೇಳಿ ಹೊಸ ಭತ್ತದ ಕಾಳು ಸುಲಿದು ತೆಂಗಿನ ಹಾಲಿಗೆ ಹಾಕಿದೆ. ಪಪ್ಪನ ಹೆಸರು ಹೇಳಿದೆ, ನನ್ನದು ಹೇಳಿದೆ, ಬ್ರೂನೊನ ಹೆಸರಿಗೂ ಒಂದು ಕಾಳು ಸುಲಿದೆ. ಆಂಟಿ ಎದುರಿಗೇ ಕೂತಿದ್ದರು. ಅವರ ಹೆಸರು ಬರಲಿಲ್ಲ. ಅವರು ಬಟ್ಟಲು ಎತ್ತಿಕೊಟ್ಟರು. ನಾಯಿಗೆ ಕಾಳುಂಟು, ಮನುಷ್ಯರಿಗೆ ಇಲ್ಲ. ಈ ಸೆಪ್ಟೆಂಬರ್ ಎಂಟರ ಹಬ್ಬಕ್ಕೆ ಅವರ ಹೆಸರಿಗೆ ಕಾಳು ಸುಲಿದರೆ ನಾನು ಬರುತ್ತೇನೆ. ಇಲ್ಲದಿದ್ದರೆ ನಾನೂ ಬರುವುದಿಲ್ಲ.

ಬ್ರೂನೊನ ಬೆನ್ನು ತಟ್ಟು.

ನಿನ್ನ ನತಾಶಾ

*

ಉರ್ವ
5 ಜುಲೈ 2025

ಬಾಯೆ,

ನನಗೆ ಷರತ್ತು ಹಾಕಲು ನಿನಗೆ ಯಾರು ಕಲಿಸಿದ್ದು ಎಂದು ಕೇಳುವುದಿಲ್ಲ. ನಾನೇ ಕಲಿಸಿದ್ದು.

ತೆನೆಹಬ್ಬದ ಕಾಳು ಮನೆಯವರಿಗೆ. ಬ್ರೂನೊ ಮನೆಯವನು, ಹನ್ನೊಂದು ವರ್ಷದಿಂದ ನನ್ನ ಕಾಲಬುಡದಲ್ಲಿ ಮಲಗುತ್ತಾನೆ. ಬೇರೆ ಯಾರೂ ನನ್ನ ಕಾಲಬುಡದಲ್ಲಿ ಮಲಗಿದ್ದು ನನಗೆ ನೆನಪಿಲ್ಲ.

ಬುಧವಾರ ನಾನು ವಾಮಂಜೂರಿಗೆ ಬಂದಿದ್ದೆ. ಸಣ್ಣಗೆ ಮಳೆ ಇತ್ತು. ಹಲಸಿನ ಹಪ್ಪಳ ಕೊಟ್ಟು ಹೋಗುವ ಎಂದು ಬಂದದ್ದು, ಇಣುಕಲು ಅಲ್ಲ. ಗದ್ದೆಯ ಬದಿಯ ಕಿಟಕಿ ತೆರೆದಿತ್ತು. ಅದರೊಳಗೆ ಕಣ್ಣು ಹೋದರೆ ಅದು ಕಿಟಕಿಯ ತಪ್ಪು.

ನೀವಿಬ್ಬರೂ ಬೆಂಚಿನ ಮುಂದೆ ಕೂತಿದ್ದಿರಿ. ಮೆಷಿನಿನ ಫ್ಯಾನು ಬುಸುಗುಡುತ್ತಿತ್ತು. ಅವಳು ನಿನ್ನ ಕಣ್ಣಿಗೆ ದೊಡ್ಡ ಕನ್ನಡಕ ಹಾಕಿದಳು, ಹಾಕಲಿ. ಆಮೇಲೆ ನಿನ್ನ ಕೂದಲನ್ನು ಎತ್ತಿ ಕಿವಿಯ ಹಿಂದೆ ಸಿಕ್ಕಿಸಿದಳು. ನೀನು ತಲೆ ಕೂಡ ಎತ್ತಲಿಲ್ಲ, ದಿನವೂ ಹಾಗೇ ನಡೆಯುವವರ ಹಾಗೆ ಕೂತಿದ್ದೆ. ಆ ಕೂದಲಿಗೆ ಇಪ್ಪತ್ತೆರಡು ವರ್ಷ ಎಣ್ಣೆ ಹಾಕಿದ್ದು ನಾನು. ಹೇನು ಹೆಕ್ಕಿದ್ದು ನಾನು. ಮೊದಲ ಕಮ್ಯುನಿಯನ್ನಿಗೆ ಹೂವಿನ ಕಿರೀಟ ನಿಲ್ಲುವುದಿಲ್ಲ ಎಂದು ಅತ್ತಾಗ ಒಂದು ಡಜನ್ ಪಿನ್ನು ಚುಚ್ಚಿ ನಿಲ್ಲಿಸಿದ್ದು ನಾನು. ಅವಳಿಗೆ ಸಿದ್ಧ ಕೂದಲು ಸಿಕ್ಕಿತು, ಒಂದು ಬೆರಳು ಸಾಕಾಯಿತು.

ಹಪ್ಪಳ ಮೆಟ್ಟಿಲಲ್ಲಿ ಇಟ್ಟು ಬಂದೆ. ಬಸ್ಸಿನಲ್ಲಿ ಒಬ್ಬಳು, "ಬಾಯಮ್ಮ, ಕಣ್ಣಿಗೆ ಎಂತ ಆಯ್ತು?" ಎಂದು ಕೇಳಿದಳು. ಮಳೆ ಎಂದೆ. "ಬಸ್ಸಿನ ಒಳಗಾ?" ಎಂದಳು. ಈ ಊರಿನಲ್ಲಿ ಯಾರಿಗೂ ತಮ್ಮ ಕೆಲಸ ಇಲ್ಲ.

ಇವತ್ತು ವಾಲ್ಟರನ ಸ್ಕೂಟರಿನಲ್ಲಿ ಇನ್ವರ್ಟರು ಬರುತ್ತದೆ. ಹಳೆ ಕಂಬಳಿಯಲ್ಲಿ ಸುತ್ತಿದ್ದೇನೆ. ಕೇಳು. ಅದನ್ನು ನೀನು ಒಬ್ಬಳೇ ರಿಪೇರಿ ಮಾಡಬೇಕು. ಅವಳ ಕೈ ತಾಗಬಾರದು, ಅವಳು ಆ ಕೋಣೆಯಲ್ಲಿ ಇರಲೂಬಾರದು. ನನ್ನ ಮಗಳ ಗಂಡನನ್ನು ತೆಗೆದುಕೊಂಡಳು, ನಾನು ಮಾತಾಡಲಿಲ್ಲ. ನಿನ್ನನ್ನು ತೆಗೆದುಕೊಂಡಳು, ಹಲ್ಲು ಕಚ್ಚಿ ಕೂತೆ. ಲಿಗೋರಿಯ ಪೆಟ್ಟಿಗೆಯನ್ನು ಕೊಡುವುದಿಲ್ಲ. ಇದನ್ನು ಅವಳಿಗೆ ಓದಿ ಹೇಳು. ನಾನು ಹೇಳಿದೆ ಎಂದೇ ಹೇಳು.

ಬೆಸಾಂವ್.

ಎಸ್ತೆರ್

*

ವಾಮಂಜೂರು
19 ಜುಲೈ 2025

ವ್ಹಡ್ಲಿಮಾಂಯ್,

ಇನ್ವರ್ಟರಿನ ಕೆಲಸ ಆಗುತ್ತಾ ಉಂಟು. ನೀನು ಹೇಳಿದ ಹಾಗೆಯೇ ಮಾಡಿದೆ, ಒಬ್ಬಳೇ. ಸ್ವಲ್ಪ ತಡವಾಗಬಹುದು.

ನೀನು ಬಂದದ್ದು ನಮಗೆ ಅವತ್ತೇ ಗೊತ್ತಾಗಿತ್ತು. ಆ ಹಪ್ಪಳವನ್ನು ಅಷ್ಟು ಖಾರ ಮಾಡುವವರು ಇಡೀ ಜಿಲ್ಲೆಯಲ್ಲಿ ಒಬ್ಬರೇ.

ನನಗೆ ಶೀತ. ಎರಡು ವಾರ ಎಲ್ಲಿಗೂ ಬರಲು ಆಗುವುದಿಲ್ಲ. ವಿಡಿಯೊ ಕಾಲ್ ಮಾಡಿಸಲು ಪಕ್ಕದ ಮನೆಯ ಶೆರ್ವಿನ್‌ನನ್ನು ಕರೆಯಬೇಡ.

ನತಾಶಾ

*

ಉರ್ವ
2 ಆಗಸ್ಟ್ 2025

ನತಾಶಾ,

ಇದೆಂಥ ಪತ್ರ? ವಿದ್ಯುತ್ ಬಿಲ್ಲಿನಲ್ಲಿ ಇದಕ್ಕಿಂತ ಹೆಚ್ಚು ಪ್ರೀತಿ ಇರುತ್ತದೆ.

ನಿನ್ನ ಅಪ್ಪನನ್ನು ಹಿಡಿದು ಕೇಳಿದೆ. "ಎಂತ ಇಲ್ಲ ಮಾಂಯ್, ಶೀತ ಮಾತ್ರ" ಎಂದು ಗೋಡೆಯ ಕ್ಯಾಲೆಂಡರು ನೋಡಿದ. ವಾಲ್ಟರ್ ಸುಳ್ಳು ಹೇಳುವಾಗ ಕ್ಯಾಲೆಂಡರು ನೋಡುತ್ತಾನೆ, ಮದುವೆಯ ಮಾತುಕತೆಗೆ ಬಂದ ದಿನದಿಂದ ನನಗೆ ಗೊತ್ತು. ಕರಿಮೆಣಸಿನ ಕಷಾಯ ಕಳಿಸಿದರೆ ಬಾಟಲಿ ಹಾಗೆಯೇ ವಾಪಸು ಬಂತು. ಶೀತ ಆದವರು ನನ್ನ ಕಷಾಯ ಬಿಡುತ್ತಾರಾ?

ನನಗೆ ಅರ್ಥವಾಗದೆ ಇಲ್ಲ. ಬರಬೇಡ, ಬರೆಯಬೇಡ, ಮುಖ ತೋರಿಸಬೇಡ ಎಂದು ಅವಳು ಹೇಳಿದ್ದಾಳೆ. ಕೋಣೆಯ ಹೊರಗೆ ನಿಲ್ಲಿಸಿದ್ದಕ್ಕೆ ಸೇಡು. ಅವಳು ಪಾಲಿಟೆಕ್ನಿಕ್‌ನಲ್ಲಿ ಮಕ್ಕಳಿಗೆ ಕಲಿಸಿದವಳು, ಕಾಗದ ನೋಡಿ ಮಾತಾಡುವವಳು. ನಾನು ನಾಲ್ಕನೇ ಕ್ಲಾಸು. ಅವಳ ಮೆಷಿನು ಎಷ್ಟು ಬೇಕೋ ಅಷ್ಟು ಎಳೆಯುತ್ತದೆ ಎಂದು ಬರೆದಿದ್ದೆಯಲ್ಲ. ಹೌದು, ಸ್ವಲ್ಪ ಸ್ವಲ್ಪವಾಗಿಯೇ ನಿನ್ನನ್ನು ಎಳೆದಳು.

ತೆನೆಹಬ್ಬಕ್ಕೆ ಕಾಳು ಎರಡೇ ಹೆಸರಿಗೆ. ನನಗೆ, ಬ್ರೂನೊಗೆ.

ಎಸ್ತೆರ್

*

ವಾಮಂಜೂರು
8 ಆಗಸ್ಟ್ 2025

ಗೌರವದ ಎಸ್ತೆರ್ ಮಾಂಯ್,

ವಾಲ್ಟರ್ ಕರೆಯುವ ಹಾಗೆ ಅಮ್ಮ ಎಂದೇ ಕರೆದಿದ್ದೇನೆ. ಬೇಡವಾದರೆ ಗೀಟು ಎಳೆದುಬಿಡಿ.

ನತಾಶಾ ನಿಮ್ಮ ಪತ್ರ ಓದಿ ಊಟ ಬಿಟ್ಟಿದ್ದಾಳೆ. ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಆ ಮಾತನ್ನು ನಾನು ಮುರಿಯುತ್ತಿದ್ದೇನೆ. ಅವಳಿಗೆ ಶೀತವಲ್ಲ. ಎಡಗೆನ್ನೆಯಲ್ಲಿ ಸುಟ್ಟ ಗಾಯ. ಈಗ ಒಣಗಿದೆ. ಕಣ್ಣಿಗೆ ಏನೂ ಆಗಿಲ್ಲ, ಡಾಕ್ಟರು ಎರಡು ಸಲ ನೋಡಿ ಹೇಳಿದ್ದಾರೆ. ದಯವಿಟ್ಟು ಮೊದಲು ಇದನ್ನು ಇನ್ನೊಮ್ಮೆ ಓದಿ, ಆಮೇಲೆ ಮುಂದೆ ಓದಿ.

ನಮ್ಮ ಬೆಂಚಿನಲ್ಲಿ ಒಂದು ಪದ್ಧತಿ ಉಂಟು. ಟ್ರಾನ್ಸಿಸ್ಟರು ಪರೀಕ್ಷೆ ಮಾಡುವಾಗ ಒಬ್ಬರು ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬರು ಕೈಯಿಂದ ಮಾಡಬೇಕು. ಹೇಳದೆ ಕೈ ಅಲುಗಬಾರದು. ಮೊದಲು ಟ್ರಾನ್ಸಿಸ್ಟರಿನ ಗೇಟನ್ನು ಪೂರ್ತಿ ತೆರೆಯಬೇಕು, ಪಾರದರ್ಶಕ ಮುಚ್ಚಳ ಹಾಕಬೇಕು, ಆಮೇಲೆಯೇ ಮೆಷಿನಿನಲ್ಲಿ ಲೋಡು ಏರಿಸಬೇಕು. ಮುಗಿಸುವಾಗ ಮೊದಲು ಲೋಡನ್ನು ಸೊನ್ನೆಗೆ ತರಬೇಕು, ಕೊನೆಗೆ ಗೇಟು ಮುಚ್ಚಬೇಕು. ಈ ಕ್ರಮ ಎಲ್ಲರಿಗೂ ಬಾಯಿಪಾಠ ಇರುತ್ತದೆ. ಬಾಯಿಪಾಠ ಇದ್ದದ್ದನ್ನೇ ಒಬ್ಬರೇ ಇರುವಾಗ ಮನುಷ್ಯರು ಹಿಂದುಮುಂದು ಮಾಡುವುದು. ಅದಕ್ಕಾಗಿಯೇ ಇಬ್ಬರು.

ಆ ದಿನ ಅವಳು ನಿಮ್ಮ ಮಾತು ನಡೆಸಲು ಒಬ್ಬಳೇ ಕೂತಳು. ಹೊಸ ಟ್ರಾನ್ಸಿಸ್ಟರುಗಳಲ್ಲಿ ಮೂರು ಪಾಸಾದವು. ನಾಲ್ಕನೆಯದರ ಕಾಲು ಸಡಿಲವಾಗಿದೆಯೇ ಎಂದು ನೋಡಲು ಮುಚ್ಚಳ ಎತ್ತಿದಳು. ಮೆಷಿನು ಇನ್ನೂ ಹತ್ತು ಆಂಪಿಯರ್ ಎಳೆಯುತ್ತಿತ್ತು. ಲೋಡು ಇಳಿಸುವ ಮೊದಲೇ ಗೇಟಿನ ಗುಂಡಿ ತಿರುಗಿಸಿದಳು. ಅರ್ಧ ತೆರೆದ ಟ್ರಾನ್ಸಿಸ್ಟರು ಅಷ್ಟು ಬಿಸಿ ತಡೆಯುವುದಿಲ್ಲ. ಸಿಡಿಯಿತು. ಒಂದು ತುಂಡು ಕೆನ್ನೆಗೆ, ಒಂದು ತುಂಡು ಕನ್ನಡಕದ ಗಾಜಿಗೆ. ಗಾಜಿನ ಮೇಲೆ ಕಣ್ಣಿನ ಎದುರಿಗೇ ಗುರುತು ಉಂಟು. ಕನ್ನಡಕ ಹಾಕಲು ಮಾತ್ರ ಅವಳು ಮರೆತಿರಲಿಲ್ಲ. ಕೂದಲನ್ನೂ ಅವಳೇ ಸಿಕ್ಕಿಸಿಕೊಂಡಿದ್ದಳು.

ನಾನು ಅಂಗಳದಲ್ಲಿದ್ದೆ. ನಿಮ್ಮ ಮಾತಿಗೆ ಮರ್ಯಾದೆ ಕೊಟ್ಟು ಹೊರಗೆ ಹೋದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಅದು ಪೂರ್ತಿ ನಿಜವಲ್ಲ. ನನಗೂ ಸಿಟ್ಟು ಬಂದಿತ್ತು. "ನಿನ್ನ ವ್ಹಡ್ಲಿಮಾಂಯ್‌ಯ ಪೆಟ್ಟಿಗೆ ಅಲ್ವಾ, ನೀನೇ ನೋಡಿಕೊ" ಎಂದು ಬಾಗಿಲು ಎಳೆದುಕೊಂಡು ಹೋದವಳು ನಾನು. ಈ ಮನೆಯಲ್ಲಿ ನಾನು ಸಾರಿಗೆ ಉಪ್ಪು ಹಾಕಿದರೆ, "ವ್ಹಡ್ಲಿಮಾಂಯ್ ಇಷ್ಟು ಬೇಗ ಹಾಕುವುದಿಲ್ಲ." ಬಟ್ಟೆ ಮಡಚಿದರೆ, "ವ್ಹಡ್ಲಿಮಾಂಯ್ ಹೀಗೆ ಮಡಚುವುದಿಲ್ಲ." ನಿಮ್ಮ ಚಟ್ನಿ ಬರುವ ಶನಿವಾರ ನನ್ನ ಅಡುಗೆಯನ್ನು ಬೆಕ್ಕೂ ಮೂಸುವುದಿಲ್ಲ. ನಾನು ಅವಳನ್ನು ನಿಮ್ಮಿಂದ ತೆಗೆದುಕೊಂಡಿದ್ದೇನೆ ಎಂದು ನೀವು ಬರೆದದ್ದನ್ನು ಕೇಳಿದಾಗ ನನಗೆ ನಗು ಬಂತು, ಮಾಂಯ್. ತೆಗೆದುಕೊಳ್ಳಲು ಅವಳು ಇಲ್ಲಿ ಇದ್ದರೆ ತಾನೆ?

ತೆನೆಹಬ್ಬಕ್ಕೆ ಅವಳನ್ನು ಕಳಿಸುತ್ತೇನೆ. ನಾನು ಬರದಿದ್ದರೆ ಷರತ್ತಿನ ಪ್ರಶ್ನೆಯೇ ಬರುವುದಿಲ್ಲ.

ಇತಿ,
ಶರ್ಲಿ

*

ಉರ್ವ
9 ಆಗಸ್ಟ್ 2025

ಬಾಯೆ,

ವಾಲ್ಟರ್ ಗೇಟಿನ ಹತ್ತಿರ ಸ್ಕೂಟರು ಬಂದ್ ಮಾಡದೆ ಕಾಯುತ್ತಿದ್ದಾನೆ. ನಾಳೆ ಮೊದಲ ಪೂಜೆ ಮುಗಿಸಿ ಬರುತ್ತೇನೆ. ಕಿಟಕಿಗೆ ಅಲ್ಲ. ಬಾಗಿಲಿಗೆ.

ಗಾಯಕ್ಕೆ ಪೌಡರು ಹಾಕಿ ಮುಚ್ಚಬೇಡ. ನೋಡಬೇಕು.

ವ್ಹಡ್ಲಿಮಾಂಯ್

*

ಉರ್ವ
6 ಸೆಪ್ಟೆಂಬರ್ 2025

ಶರ್ಲಿ,

ನೀವು ಎಂದು ಬರೆಯಲು ಹೊರಟು ಎರಡು ಹಾಳೆ ಹರಿದೆ. ನೀವು ಎಂದು ನಾನು ಕರೆಯುವುದು ಪಾದ್ರಿಗಳನ್ನು, ಡಾಕ್ಟರನ್ನು. ನೀನು ಎರಡೂ ಅಲ್ಲ.

ಮಾಂಯ್ ಎಂದು ಬರೆದದ್ದಕ್ಕೆ ಗೀಟು ಎಳೆಯಲಿಲ್ಲ. ಆ ಹೊತ್ತಿಗೆ ಕೈಗೆ ಪೆನ್ನು ಸಿಗಲಿಲ್ಲ.

ಆ ಭಾನುವಾರ ನಾನು ನಿಮ್ಮ ಮನೆಯಲ್ಲಿ ಹೆಚ್ಚು ಮಾತಾಡಲಿಲ್ಲ. ನಾನು ಮೌನವಾಗಿದ್ದರೆ ಸೌಖ್ಯವಿಲ್ಲ ಎಂದು ಎಣಿಸಿ ವಾಲ್ಟರ್ ಎರಡು ಸಲ ನೀರು ತಂದು ಕೊಟ್ಟ. ಸೌಖ್ಯ ಇತ್ತು. ಕೆನ್ನೆಯ ಕಲೆ ನೋಡುತ್ತಿದ್ದೆ. ಬಟಾಣಿಯಷ್ಟು. ಅದರಿಂದ ಎರಡು ಬೆರಳು ಮೇಲೆ ಕಣ್ಣು. ಆ ಕನ್ನಡಕವನ್ನು ನನಗೆ ತೋರಿಸಬೇಡ ಎಂದು ಅವಳು ನಿನಗೆ ಕಣ್ಣಿನಲ್ಲೇ ಹೇಳಿದ್ದನ್ನೂ ಕಂಡೆ, ನೀನು ಆದರೂ ತಂದು ನನ್ನ ಕೈಯಲ್ಲಿ ಇಟ್ಟದ್ದನ್ನೂ ಮರೆತಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಸ್ವಲ್ಪ ಜೋರಾಗಿ ಇಡುತ್ತಿದ್ದೆ, ಅಷ್ಟೇ.

ಆಮೇಲೆ ನೀವಿಬ್ಬರೂ ಲಿಗೋರಿಯ ಪೆಟ್ಟಿಗೆಗೆ ಬೇಕಾದ ನಾಲ್ಕನೆಯದನ್ನು ಪರೀಕ್ಷೆ ಮಾಡಿದಿರಿ. ನನ್ನ ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿ ನನ್ನನ್ನು ದೂರದ ಕುರ್ಚಿಯಲ್ಲಿ ಕೂರಿಸಿದಿರಿ, ಗೂಬೆಯ ಹಾಗೆ. ನೀನು ಹೇಳಿದೆ, "ಗೇಟು ಪೂರ್ತಿ." ಅವಳು ಗುಂಡಿ ತಿರುಗಿಸಿ ಹೇಳಿದಳು, "ಗೇಟು ಪೂರ್ತಿ." "ಮುಚ್ಚಳ." "ಮುಚ್ಚಳ ಹಾಕಿದೆ." "ಒಂದು ಆಂಪಿಯರ್." "ಒಂದು." ನಮ್ಮ ಮನೆಯಲ್ಲಿ ಸಂಜೆ ತೇರ್ಸಿನ ಜಪಮಾಲೆ ಹೇಳುವ ಹಾಗೆಯೇ ಇತ್ತು. ಅರ್ಧ ಪ್ರಾರ್ಥನೆ ಒಬ್ಬರದು, ಉಳಿದರ್ಧ ಉಳಿದವರದು. ಲಿಗೋರಿ ಹೋದ ಮೇಲೆ ನತಾಶಾ ಉಳಿದರ್ಧ ಹೇಳುತ್ತಿದ್ದಳು. ಕ್ರಿಸ್ಮಸ್ ಕಳೆದು ಅವಳು ನಿಮ್ಮಲ್ಲಿಗೆ ಬಂದ ಮೇಲೆ ನಾನೇ ಎರಡೂ ಅರ್ಧ ಹೇಳುತ್ತಿದ್ದೇನೆ. ಎಷ್ಟೋ ದಿನ ನಡುವೆ ಎಲ್ಲಿದ್ದೆ ಎಂದು ಮರೆತು ಮತ್ತೆ ಮೊದಲಿಂದ ಶುರು ಮಾಡಿದ್ದುಂಟು. ಒಬ್ಬರೇ ಇರುವಾಗ ಹಿಂದುಮುಂದು ಆಗುತ್ತದೆ ಎಂದು ನೀನು ಬರೆದೆಯಲ್ಲ, ಅದಕ್ಕೆ ಮೆಷಿನು ಬೇಕೆಂದಿಲ್ಲ.

ಕ್ಷಮೆ ಎಂಬ ಶಬ್ದವನ್ನು ನಮಗೆ ನಾಲ್ಕನೇ ಕ್ಲಾಸಿನವರೆಗೆ ಕಲಿಸಲಿಲ್ಲ. ಐದರಲ್ಲಿ ಇತ್ತೋ ಏನೋ.

ಈಗ ಸೋಮವಾರದ ವಿಷಯ. ನೀನು ಬರದೆ ಅವಳನ್ನು ಮಾತ್ರ ಕಳಿಸುತ್ತೀ ಎಂದು ಬರೆದಿದ್ದೆ. ಅದು ನಡೆಯುವುದಿಲ್ಲ. ಅವಳನ್ನು ದಾನ ಮಾಡಿದ ಹಾಗೆ ನನಗೆ ಕಳಿಸಬೇಡ, ನಾನು ತೆಗೆದುಕೊಳ್ಳುವವಳಲ್ಲ. ಮೂವರೂ ಬನ್ನಿ. ಇನ್ವರ್ಟರನ್ನು ಮೆಟ್ಟಿಲಲ್ಲಿ ಇಟ್ಟು ಹೋಗಬೇಡಿ, ಒಳಗೆ ತಂದು ಅದರ ಜಾಗದಲ್ಲಿ ಕೂರಿಸಿ. ಮೊದಲ ಸಲ ಸ್ವಿಚ್ಚು ಹಾಕುವುದು ನಾನು. ಯಾವಾಗ ಹಾಕಬೇಕು ಎಂದು ಹೇಳುವುದು ನೀನು. ಬ್ರೂನೊನನ್ನು ಮೊದಲೇ ಮಂಚದ ಅಡಿಗೆ ಕಳಿಸಿರುತ್ತೇನೆ, ನಿನ್ನ ಮೇಲೆ ನಂಬಿಕೆ ಇಲ್ಲದೆ ಅಲ್ಲ.

ಚರ್ಚಿನಿಂದ ತೆನೆ ನಾನು ತರುತ್ತೇನೆ. ಅಡುಗೆ ಪೂರ್ತಿ ಸಸ್ಯಾಹಾರ, ಕೆಸುವಿನ ದಂಟು, ಹರಿವೆ, ಬೆಂಡೆ, ಹೀರೆ, ಅಲಸಂಡೆ. ನೀನು ಏನಾದರೂ ಮಾಡಿ ತಾ. ಉಪ್ಪು ಬೇಗ ಹಾಕಿದರೂ ತಿನ್ನುತ್ತೇವೆ. ನತಾಶಾ ಏನಾದರೂ ಹೇಳಿದರೆ ಅವಳ ತಲೆಗೆ ಒಂದು ಕೊಡು, ನಾನು ಹೇಳಿದೆ ಎಂದು ಹೇಳು.

ಊಟಕ್ಕೆ ಮೊದಲು ಎಲ್ಲರೂ ಮೇಜಿನ ಸುತ್ತ ಕೂರಬೇಕು, ತೆಂಗಿನ ಹಾಲಿನ ಬಟ್ಟಲು ನಡುವೆ. ಇಷ್ಟು ವರ್ಷ ಹೆಸರು ಹೇಳುವುದೂ ನಾನೇ, ಕಾಳು ಸುಲಿಯುವುದೂ ನಾನೇ. ಅದರಿಂದ ಕಳೆದ ವರ್ಷ ಎಂತ ಆಯಿತು ಎಂದು ನೀನು ನೋಡಿದ್ದೀ. ಈ ಸಲ ನಿನ್ನ ಬೆಂಚಿನ ಪದ್ಧತಿ. ಹೆಸರು ನೀನು ಗಟ್ಟಿಯಾಗಿ ಹೇಳು, ಕಾಳು ನಾನು ಸುಲಿಯುತ್ತೇನೆ. ನೀನು ಹೇಳದೆ ನನ್ನ ಕೈ ಅಲುಗುವುದಿಲ್ಲ. ನಿನ್ನ ಹೆಸರನ್ನು ನಾಚಿಕೆಯಿಂದ ನುಂಗಬೇಡ. ನುಂಗಿದರೆ ಕಾಳು ಹಿಡಿದ ಕೈ ಹಾಗೇ ನಿಂತಿರುತ್ತದೆ, ಅನ್ನ ಆರುತ್ತದೆ, ವಾಲ್ಟರ್ ಕ್ಯಾಲೆಂಡರು ನೋಡುತ್ತಾನೆ. ಮೊದಲ ಹೆಸರು ನಿನ್ನದೇ ಆಗಲಿ. ಬ್ರೂನೊ ಕೊನೆಗೆ, ಅವನಿಗೆ ತಾಳ್ಮೆ ಉಂಟು.

ನತಾಶಾಳ ಸರದಿ ಬಂದಾಗ ಮಾತ್ರ ನೀನು ಬಾಯಿ ಮುಚ್ಚು. ಆ ಒಂದು ಹೆಸರನ್ನು ನಾನೇ ಹೇಳುತ್ತೇನೆ.

ಬೆಸಾಂವ್, ನಿನಗೂ.

ಎಸ್ತೆರ್ ಮಾಂಯ್